ಕಿವಿ ಮುಟ್ಟದ ಶಿಷ್ಯ

ಹನ್ನೊಂದು ತಿಂಗಳು ಕಳೆದರೂ ಮಿಠಾಯಿಲಾಲನಿಗೆ ತಬಲಾದಲ್ಲಿ ಬರುತ್ತಿದ್ದುದು ಒಂದೇ ಅಕ್ಷರ, ‘ನಾ’. ಬಲಗೈ ತೋರುಬೆರಳಿನಿಂದ ಅಂಚಿಗೆ ಹೊಡೆದರೆ ಟಣ್ಣೆಂದು ಏಳುತ್ತದಲ್ಲ, ಅಷ್ಟೇ. ಎಡಗೈಗೆ ಸೇರಿದ ಡಗ್ಗಾ ಮೂಲೆಯಲ್ಲಿ ಹಳೇ ಧೋತರ ಹೊದ್ದು ಕೂತಿತ್ತು. ಅದನ್ನು ಮುಟ್ಟಲು ಗುರು ತಿರ್ಬೇನಿ ಮಹಾರಾಜರು ಒಂದು ದಿನವೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಬಂದು ತಬಲಾದ ಮುಂದೆ ಕೂರುವುದು, ಅದರ ಅಂಚಿನ ಸುತ್ತ ಬಾರುಗಳ ನಡುವಿನ ಹದಿನಾರು ಭಾಗಗಳಿಗೂ, ಅಂದರೆ ‘ಮನೆ’ಗಳಿಗೂ, ‘ನಾ’ ಹೊಡೆದು ನೋಡುವುದು, ದನಿ ತಗ್ಗಿದ್ದರೆ ಚರ್ಮದ ಜಡೆಯ ಮೇಲೆ ಸುತ್ತಿಗೆಯಿಂದ ಕೆಳಮುಖವಾಗಿ ಒಂದು ಪೆಟ್ಟು, ಏರಿದ್ದರೆ ಅಡಿಯಿಂದ ಮೇಲಕ್ಕೆ ಒಂದು ಪೆಟ್ಟು. ಹದಿನಾರೂ ಒಂದೇ ದನಿಯಲ್ಲಿ ಮಾತಾಡುವ ಹೊತ್ತಿಗೆ ಬೆನ್ನು ಬಿದ್ದುಹೋಗುತ್ತಿತ್ತು. ಆಗ ಮಹಾರಾಜರು ಅಷ್ಟೂ ಕೆಡಿಸಿ, “ಇನ್ನೊಂದ್ಸಲ” ಎನ್ನುತ್ತಿದ್ದರು.

ಲಹುರಾಬೀರ್ ಚೌಕದ ಮೂಲೆಯಲ್ಲಿ ರಿಕ್ಷಾ ರಿಪೇರಿ ಮಾಡಿಕೊಂಡಿದ್ದ ನಲವತ್ತೊಂದು ವರ್ಷದ ಗಂಡಸಿಗೆ ಈ ಹುಚ್ಚು ಯಾಕೆ ಹತ್ತಿತೆಂದು ಕೇಳುವವರು ಬೇಕಾದಷ್ಟು ಜನ ಇದ್ದರು. ಹೆಂಡತಿಯೇ ಮೊದಲಿಗಳು. “ಊರೋರೆಲ್ಲ ಮಕ್ಕಳನ್ನ ಕಲಿಯೋಕೆ ಕಳಿಸಿದ್ರೆ, ನಮ್ಮ ಯಜಮಾನ್ರು ತಾವೇ ಹೊರಟ್ರು ನೋಡಿ” ಎಂದು ನಲ್ಲಿಯ ಹತ್ತಿರ ಸಾರುತ್ತಿದ್ದಳು. ಅವನಿಗಾದರೋ ಚಿಕ್ಕಂದಿನಿಂದ ಮಡ್‌ಗಾರ್ಡುಗಳ ಮೇಲೆ ಬಾರಿಸಿದ್ದೇ ಬಾರಿಸಿದ್ದು. ಹೋದ ವರ್ಷ ಒಂದು ದಿನ ಅವನು ರಿಕ್ಷಾದ ಚಕ್ರವನ್ನು ತಲೆಕೆಳಗು ಮಾಡಿ, ಕಡ್ಡಿಗಳನ್ನು ಒಂದೊಂದಾಗಿ ಮೀಟುತ್ತ ಕಿವಿಗೊಟ್ಟು ಕೂತಿದ್ದಾಗ ಮಹಾರಾಜರು ಆ ದಾರಿಯಲ್ಲಿ ಬಂದರು. ನಿಂತರು.

“ಅದರಲ್ಲಿ ಏನು ಕೇಳಿಸ್ಕೊಳ್ತಿದ್ದೀಯೋ?”

“ಒಂದು ಕಡ್ಡಿ ಸಡಿಲ ಇದೆ ಮಹಾರಾಜ್. ಅದೊಂದೇ ಬೇರೆ ಥರ ಕೂಗ್ತಿದೆ. ಹಿಂಗೇ ಬಿಟ್ರೆ ಚಕ್ರ ಓಲಾಡತ್ತೆ.”

ಮಹಾರಾಜರು ಬಗ್ಗಿ ತಾವೂ ಆ ಕಡ್ಡಿಯನ್ನು ಮೀಟಿದರು. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ನಾಳೆ ಬೆಳಿಗ್ಗೆ ಮನೆಗೆ ಬಾ, ಕೈ ತೊಳ್ಕೊಂಡು ಬಾ” ಎಂದು ಹೊರಟುಬಿಟ್ಟರು. ದೊಡ್ಡ ದೊಡ್ಡವರ ಮಕ್ಕಳನ್ನೇ ವಾಪಸು ಕಳಿಸಿದ ಮನುಷ್ಯ ಗ್ರೀಸು ಮೆತ್ತಿದ ಇವನನ್ನು ಕರೆದದ್ದೇಕೆಂದು ಇಡೀ ಕಬೀರ್‌ಚೌರಾ ಓಣಿಯೇ ತಲೆ ಕೆರೆದುಕೊಂಡಿತು.

ಆ ಓಣಿಯಲ್ಲಿ ಗುರುವಿನ ಹೆಸರೆತ್ತಿದರೆ ಕೈ ತಾನಾಗಿ ಕಿವಿಗೆ ಹೋಗಬೇಕು. ತಿರ್ಬೇನಿ ಮಹಾರಾಜರ ಗುರು ದುಃಖಹರಣ್ ಮಹಾರಾಜರು ತೀರಿಕೊಂಡು ಮೂವತ್ತೆರಡು ವರ್ಷವಾಗಿತ್ತು. ಇವತ್ತಿಗೂ ಅವರ ಹೆಸರು ಬಿದ್ದರೆ ಕಚೋರಿ ಕರಿಯುವವನು ಜಾಲರಿ ಸೌಟು ಕೆಳಗಿಟ್ಟು ಕಿವಿ ಮುಟ್ಟುತ್ತಾನೆ. ಮುಟ್ಟದವನು ಒಂದೋ ಹೊರಗಿನವನು, ಇಲ್ಲ ಕೊಬ್ಬಿದವನು. ಮಿಠಾಯಿಲಾಲನಿಗೂ ಈ ಅಭ್ಯಾಸ ಎಷ್ಟು ಅಂಟಿತ್ತೆಂದರೆ ಕೆಲಸದ ನಡುವೆಯೂ ಮುಟ್ಟಿ ಮುಟ್ಟಿ, ಅವನ ಬಲಗಿವಿಯ ಹಾಲೆಯಲ್ಲಿ ಗ್ರೀಸಿನ ಕರೀ ಮಚ್ಚೆಯೊಂದು ಖಾಯಮ್ಮಾಗಿ ನಿಂತುಬಿಟ್ಟಿತ್ತು.

ಶ್ರಾವಣದಲ್ಲಿ ಬರುವ ದುಃಖಹರಣ್ ಮಹಾರಾಜರ ಬರ್ಸಿ, ಅಂದರೆ ಪುಣ್ಯತಿಥಿ, ಓಣಿಗೆ ವರ್ಷದ ದೊಡ್ಡ ದಿನ. ಹೊಸ ಶಿಷ್ಯರನ್ನು ಒಪ್ಪಿಕೊಂಡ ಗುರುತಿಗೆ ಗುರು ಅವರ ಮಣಿಕಟ್ಟಿಗೆ ದಾರ ಕಟ್ಟುವುದೂ ಅಂದೇ. ಆ ದಿನ ಕೊನೆಯಲ್ಲಿ ನುಡಿಸುವ ಹಕ್ಕು ಇಷ್ಟು ವರ್ಷವೂ ತಿರ್ಬೇನಿ ಮಹಾರಾಜರದೇ. ಹೋದ ವರ್ಷ ಮಾತ್ರ ಅವರ ತಬಲಾ ಒಂದು ಕಡೆ, ಸಾರಂಗಿ ಒಂದು ಕಡೆ ಎಳೆದಾಡಿ ಜನ ಮುಖ ಮುಖ ನೋಡಿಕೊಂಡರು. ಮಳೆಗೆ ಚರ್ಮ ಕೈಕೊಟ್ಟಿತು ಎಂದು ಮಹಾರಾಜರು ಸಿಡುಕಿ ಎದ್ದುಹೋಗಿದ್ದರು. ಈ ಸಲ ಅವರ ಅಣ್ಣನ ಮಗ ರಾಮಾಶ್ರಯ್, ಅವನೂ ಗಟ್ಟಿ ತಬಲಾ ವಾದಕನೇ, ಹಿರಿಯರನ್ನು ಕರೆತಂದು ಅಂಗಳದಲ್ಲೇ ಮಾತೆತ್ತಿದ.

“ಚಾಚಾ, ನೀವು ಸುಮ್ನೆ ಕೂತು ನುಡಿಸಿ. ತಬಲಾದ ಶ್ರುತಿ ನಾನು ಸೇರಿಸಿಕೊಡ್ತೀನಿ.”

“ನನ್ನ ತಬಲಾನ ಇನ್ನೊಬ್ಬ ಸೇರಿಸೋ ದಿನ ಬಂದ್ರೆ, ಅದನ್ನ ತಗೊಂಡ್ಹೋಗಿ ಗಂಗೆಗೆ ಹಾಕ್ಬಿಡೋ.”

“ಹಂಗಾದ್ರೆ ಈ ಸಲವೂ ಶ್ರುತಿ ತಪ್ಪಿ ಬೇಸೂರಾದ್ರೆ, ಮುಂದಿನ ವರ್ಷದಿಂದ ಆ ಜಾಗ ನಂದು. ಹಿರಿಯರೆಲ್ಲ ಇದ್ದಾರೆ, ಅವರ ಮುಂದೇನೇ ಹೇಳ್ತಿದ್ದೀನಿ.”

ಹಿರಿಯರು ತಾಂಬೂಲದ ಬಾಯಲ್ಲೇ ತಲೆಯಾಡಿಸಿದರು. ಮಹಾರಾಜರು ಎದ್ದು ಒಳಗೆ ಹೋದರು. ಅಂದು ಮಿಠಾಯಿಲಾಲ ಹದಿನಾರು ಮನೆಗಳನ್ನು ಇಪ್ಪತ್ತು ಸಲ ಸೇರಿಸಬೇಕಾಯಿತು.

ಬರ್ಸಿಗೆ ನಾಲ್ಕು ದಿನವಿತ್ತು. ಮಿಠಾಯಿಲಾಲನಿಗೆ ದವಡೆಯ ಹಲ್ಲು ನೋಯಲು ಶುರುವಾಗಿ ಪ್ರಾಣ ಹೋಗುತ್ತಿತ್ತು. ಆದರೂ ಹಲ್ಲು ಕಚ್ಚಿ ಕೂತು ತಬಲಾ ಸೇರಿಸಿದ. ಹದಿನಾರೂ ಮನೆ ಅಂದಿನಷ್ಟು ಚೆನ್ನಾಗಿ ಯಾವತ್ತೂ ಕೂಡಿರಲಿಲ್ಲ. ಮಹಾರಾಜರು ಎದುರಿಗೆ ಕೂತು ಒಂದೊಂದೇ ಮನೆಗೆ ‘ನಾ’ ಹೊಡೆಯುತ್ತ ಬಂದರು. ಒಂಬತ್ತನೆಯದಕ್ಕೆ ಬಂದಾಗ ಹಲ್ಲಿನ ಬೇರಿನಲ್ಲಿ ಚಳುಕು ಎದ್ದು ಇವನು ಮುಖ ಕಿವುಚಿದ. ಮಹಾರಾಜರು ತಟ್ಟನೆ ಸುತ್ತಿಗೆ ಎತ್ತಿ, ಬಂಗಾರದಂತಿದ್ದ ಆ ಮನೆಗೆ ಒಂದು ಪೆಟ್ಟು ಕೊಟ್ಟರು. ದನಿ ಕಿರ್ರೆಂದು ಮೇಲಕ್ಕೆ ಹೋಯಿತು. ಅಷ್ಟರಲ್ಲಿ ನೋವು ಇಳಿದು ಇವನ ಮುಖ ಸಡಿಲವಾಯಿತು.

“ಹಾಂ, ಈಗ ಸರಿಹೋಯ್ತು” ಎಂದರು ಮಹಾರಾಜರು.

ಮಿಠಾಯಿಲಾಲನಿಗೆ ಆಗ ಅರ್ಥವಾಯಿತು. ಹನ್ನೊಂದು ತಿಂಗಳಿಂದ ಅವರು ತಬಲಾ ಕೇಳುತ್ತಿರಲಿಲ್ಲ, ಇವನ ಮುಖ ಓದುತ್ತಿದ್ದರು. ಮಾತು ಕೇಳಿಸುತ್ತಿತ್ತು, ಡಗ್ಗಾದ ಗುಡುಗು ಕೇಳಿಸುತ್ತಿತ್ತು, ಆದರೆ ಆ ಅಂಚಿನ ತೆಳ್ಳನೆಯ ದನಿ ಯಾವಾಗಲೋ ಅವರ ಕಿವಿ ಬಿಟ್ಟು ಹೋಗಿತ್ತು. ಅಂದು ಚೌಕದಲ್ಲಿ ಕಡ್ಡಿ ಮೀಟಿ ಅಷ್ಟು ಹೊತ್ತು ಸುಮ್ಮನೆ ನಿಂತದ್ದು ಯಾಕೆಂದು ಈಗ ಹೊಳೆಯಿತು. ಮೊದಲು ಸಿಟ್ಟು ಬಂತು. ನನಗೆ ಕಲಿಸಲು ಕರೆದದ್ದಲ್ಲ, ನನ್ನ ಕಿವಿ ಬಳಸಿಕೊಳ್ಳಲು ಕರೆದದ್ದು ಎಂದು ದಾರಿಯುದ್ದಕ್ಕೂ ಕುದಿದ. ಅಂಗಡಿಗೆ ಬಂದು ಒಂದು ಚಕ್ರ ಕೈಗೆತ್ತಿಕೊಂಡವನಿಗೆ, ಈ ಕಡ್ಡಿಗಳ ದನಿ ನಾಳೆ ತನಗೇ ಕೇಳಿಸದೆ ಹೋದರೆ ಯಾರಿಗೆ ಹೇಳಿಕೊಳ್ಳುವುದು ಅನ್ನಿಸಿತು. ಹೆಂಡತಿಗೂ ಹೇಳಲಾರೆ ಎಂದು ಗೊತ್ತಾದಾಗ ಆ ಮುದುಕರ ಮೇಲೆ ಕನಿಕರ ಉಕ್ಕಿತು. ಸಿಟ್ಟು ಎಲ್ಲಿ ಹೋಯಿತೋ.

ಬರ್ಸಿಯ ಹಿಂದಿನ ದಿನ ಅವನು ಗುರುವಿನ ಕಾಲ ಹತ್ತಿರ ಕೂತು, ನೆಲ ನೋಡುತ್ತ, ಸ್ವಲ್ಪ ಜೋರಾಗಿಯೇ ಹೇಳಿದ.

“ಮಹಾರಾಜ್, ನಾಳೆ ನಾನು ಮುಂದಿನ ಸಾಲಲ್ಲೇ ಕೂತಿರ್ತೀನಿ. ಮನಸ್ಸಲ್ಲಿ ನಿಮ್ಮ ಗುರುಗಳು ದೊಡ್ಡ ಮಹಾರಾಜರ ಹೆಸರು ಹೇಳ್ಕೊಳ್ತಾನೇ ಇರ್ತೀನಿ. ನನ್ನ ಕೈ ಒಂಥರಾ ವಿಚಿತ್ರ. ಮನೆ ತಗ್ಗಿದ್ರೆ ಅದು ಬಲಗಿವಿಗೆ ಹೋಗತ್ತೆ. ಏರಿದ್ರೆ ಎಡಗಿವಿಗೆ. ಸರಿ ಇದ್ರೆ ಮಡಿಲಲ್ಲೇ ಬಿದ್ದಿರತ್ತೆ. ನೋಡಿದೋರು ಭಕ್ತಿ ಅಂದ್ಕೋತಾರೆ. ನೀವೂ ಹಂಗೇ ಅಂದ್ಕೊಳಿ.”

ಮಹಾರಾಜರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. ಬೈದು ಹೊರಗೆ ಹಾಕುತ್ತಾರೆಂದೇ ಇವನು ಕಾದ. ಕತ್ತರಿ ಮತ್ತೆ ಕಟಕ್ ಎಂದಿತು.

“ಹಲ್ಲು ನೋಯ್ತಿದೆಯಾ?”

“ಹೂಂ ಮಹಾರಾಜ್.”

“ಹೆಸರೇ ಮಿಠಾಯಿ, ಹುಳುಕಾಗದೆ ಇನ್ನೇನಾಗತ್ತೆ. ಇವತ್ತೇ ಕೀಳಿಸ್ಕೊಂಡು ಬಾ. ನಾಳೆ ನಿನ್ನ ಮೂತಿ ನೆಟ್ಟಗಿರಬೇಕು.”

ಮರುದಿನ ಮಧ್ಯಾಹ್ನ ಚಪ್ಪರ ಹಾಕಿದ್ದ ಅಂಗಳ ತುಂಬಿತ್ತು. ಕೊನೆಯಲ್ಲಿ ಮಹಾರಾಜರು ಬಂದು ಕೂತರು. ಪಕ್ಕದಲ್ಲಿ ಸಾರಂಗಿಯ ಬುಂದೂ ಖಾನ್ ಷಡ್ಜ ಎಳೆದು ಹಿಡಿದ. ಮಿಠಾಯಿಲಾಲ ಮುಂದಿನ ಸಾಲಿನಲ್ಲಿ, ಊದಿದ ಕೆನ್ನೆಯೊಂದಿಗೆ. ಮಹಾರಾಜರು ಒಂದು ಮನೆ ಹೊಡೆದು ಕಣ್ಣೆತ್ತಿದರು. ಬಲಗಿವಿ. ಪೆಟ್ಟು. ಮತ್ತೆ ಹೊಡೆದರು. ಕೈ ಮಡಿಲಿಗೆ ಇಳಿಯಿತು. ಹೀಗೆ ಹದಿನಾರೂ ಮುಗಿದಾಗ ಸಾರಂಗಿಗೂ ತಬಲಾಕ್ಕೂ ನಡುವೆ ಒಂದು ಕೂದಲು ತೂರಿಸಲು ಜಾಗವಿರಲಿಲ್ಲ. ಬುಂದೂ ಖಾನ್ ಮೆಚ್ಚಿ ತಲೆದೂಗಿದ.

ಆಗಲೇ ರಾಮಾಶ್ರಯ್ ಮೈಕಿನ ಮುಂದೆ ಬಂದು, “ನಮ್ಮ ಮನೆತನದ ದೊಡ್ಡವರು, ದುಃಖಹರಣ್ ಮಹಾರಾಜರ...” ಎಂದ. ಇನ್ನೂರು ಕೈಗಳು ಕಿವಿಗೆ ಹೋದವು. ಮಿಠಾಯಿಲಾಲನ ಬಲಗೈ ಕೂಡ, ಅವನನ್ನು ಕೇಳದೆಯೇ, ಬಲಗಿವಿಗೆ ಹೋಯಿತು. ಮಹಾರಾಜರು ನೋಡಿದ್ದು ಆ ಒಂದು ಕೈಯನ್ನೇ. ಸುತ್ತಿಗೆ ಎತ್ತಿ ಹೊಡೆದೇಬಿಟ್ಟರು. ಸರಿಯಿದ್ದ ಮನೆ ಚೀರಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಿಠಾಯಿಲಾಲ ಬೆವೆತು ಎಡಗಿವಿ ಹಿಡಿದ, ಮಹಾರಾಜರು ಅಡಿಯಿಂದ ಮೆಲ್ಲಗೆ ತಟ್ಟಿ ಇಳಿಸಿದರು. ಸರಿಯಾಯಿತು.

ಆದರೆ ರಾಮಾಶ್ರಯನ ಬಾಯಿ ಅಷ್ಟಕ್ಕೆ ನಿಲ್ಲುವಂಥದಲ್ಲ. ಪ್ರತಿ ಬಂದಿಶಿಗೂ ಮೊದಲು, ಆ ರಚನೆ ದೊಡ್ಡ ಮಹಾರಾಜರದೆಂದು ಅವನು ಹೆಸರು ಹೇಳುತ್ತಾನೆ, ಪ್ರತಿ ಸಲವೂ ಎಲ್ಲರೂ ಮುಟ್ಟುತ್ತಾರೆ. ಮಿಠಾಯಿಲಾಲನಿಗೆ ಉಳಿದದ್ದು ಒಂದೇ ದಾರಿ. ಎರಡನೇ ಸಲ ಹೆಸರು ಬಿದ್ದಾಗ ಅವನು ಎರಡೂ ಕೈಗಳನ್ನು ತೊಡೆಯಡಿ ಇಟ್ಟು ಅವುಗಳ ಮೇಲೆ ಕೂತುಬಿಟ್ಟ. ಪಕ್ಕದಲ್ಲಿದ್ದ ಕಚೋರಿಯವನು ಮೊಣಕೈಯಿಂದ ತಿವಿದ.

“ಏಯ್, ಕಿವಿ ಮುಟ್ಟೋ!”

ಮುಟ್ಟಲಿಲ್ಲ.

“ಎಷ್ಟು ಕೊಬ್ಬೋ ನಿಂಗೆ! ಪಂಕ್ಚರ್ ಹಾಕೋನು ಗುರುವಿಗಿಂತ ದೊಡ್ಡೋನಾದ್ಯಾ?”

ಮಿಠಾಯಿಲಾಲನಿಗೆ ಅಳು ಬಂತು. ಬೆರಳುಗಳು ತೊಡೆಯಡಿ ಒದ್ದಾಡುತ್ತಿದ್ದವು. ಆ ಹೆಸರಿಗೆ ಕಿವಿ ಮುಟ್ಟದೆ ಕೂತದ್ದು ಅವನ ಜೀವನದಲ್ಲೇ ಮೊದಲು, ಅದೂ ಇನ್ನೂರು ಜನರ ಮುಂದೆ.

ನಡುವೆ ಹೊರಗೆ ಮಳೆ ಹೊಯ್ಯಿತು. ತೇವಕ್ಕೆ ಚರ್ಮ ಸಡಿಲವಾಗಿ ದನಿ ತಗ್ಗತೊಡಗಿದಾಗ, ಯಾರೂ ಹೆಸರೆತ್ತದ ಹೊತ್ತಿನಲ್ಲಿ ಅವನು ಬಲಗಿವಿ ಮುಟ್ಟಿದ. ಮಹಾರಾಜರು ಎರಡು ಬಂದಿಶಿನ ನಡುವೆ, ಎಡಗೈ ಡಗ್ಗಾದ ಮೇಲೆ ಆಡುತ್ತಿರುವಾಗಲೇ, ಬಲಗೈಯಲ್ಲಿ ಟಕ್ ಟಕ್ ಎಂದು ಎರಡು ಪೆಟ್ಟು ಕೊಟ್ಟು ಮುಂದೆ ಹೋದರು. ಇದೆಲ್ಲ ಕಂಡದ್ದು ಕಚೋರಿಯವನಿಗೆ. ಕರೆದಾಗ ಮುಟ್ಟುವುದಿಲ್ಲ, ಕರೆಯದಾಗ ಮುಟ್ಟುತ್ತಾನೆ, ಬೇಕೆಂದೇ ಅಣಕಿಸುತ್ತಿದ್ದಾನೆ ಎಂದು ಅವನು ಹಿಂದಿನವರಿಗೂ ತೋರಿಸಿದ.

ಮೂರು ಸಲ ತಿರುಗಿ ಬರುವ ಕೊನೆಯ ತಿಹಾಯಿ ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದು ಬಿದ್ದಾಗ ಅಂಗಳವೇ ಎದ್ದು ನಿಂತಿತು. ಎಷ್ಟೋ ವರ್ಷದಿಂದ ಮಹಾರಾಜರು ಹೀಗೆ ನುಡಿಸಿರಲಿಲ್ಲ. ಹಿರಿಯರ ಕಣ್ಣುಗಳು ಒದ್ದೆಯಾಗಿದ್ದವು. ರಾಮಾಶ್ರಯನ ಮುಖ ಹುಳ್ಳಗಾಗಿತ್ತು. ದಾರದ ತಟ್ಟೆ ಬಂತು, ಜೊತೆಗೆ ಕಡಲೆ ಬೆಲ್ಲ. ಮಹಾರಾಜರು ಮಿಠಾಯಿಲಾಲನನ್ನು ಕರೆದರು. ಅಷ್ಟರಲ್ಲಿ ಕಚೋರಿಯವನು ಎದ್ದು ಕಂಡದ್ದನ್ನೆಲ್ಲ ಹೇಳಿದ, ರಾಮಾಶ್ರಯನಿಗೆ ಹಿಡಿ ಸಿಕ್ಕಿತು.

“ಚಾಚಾ, ಇವನಿಗಾ ದಾರ? ದೊಡ್ಡ ಮಹಾರಾಜರ ಹೆಸರಿಗೆ ಕಿವಿ ಮುಟ್ಟದೆ ಕೈ ಮುಚ್ಕೊಂಡು ಕೂತಿದ್ದ. ಅರ್ಧ ಅಂಗಳ ನೋಡಿದೆ. ಕೇಳಿ ಬೇಕಾದ್ರೆ.”

“ಹೌದೇನೋ?” ಎಂದರು ಒಬ್ಬ ಹಿರಿಯರು.

“ಹೌದು” ಎಂದ ಮಿಠಾಯಿಲಾಲ. ಯಾಕೆಂದು ಹೇಳಲಿಲ್ಲ. ಹೇಳಿದರೆ ದಾರ ಸಿಗುತ್ತಿತ್ತು, ಗುರು ಹೋಗುತ್ತಿದ್ದರು. “ತಪ್ಪಾಯ್ತು” ಎಂದು ತಲೆ ತಗ್ಗಿಸಿ, ಚಪ್ಪಲಿ ಬಿಟ್ಟಿದ್ದ ಕಡೆಗೆ ಹೊರಟ.

“ನಿಂತ್ಕೊಳೋ” ಎಂದರು ಮಹಾರಾಜರು.

ಅವರು ಎದ್ದು, ಮಂಡಿ ಹಿಡಿದುಕೊಂಡು, ವೇದಿಕೆ ಇಳಿದು ಬಂದರು. ಅವನ ಎದುರು ನಿಂತು ಸುತ್ತಲೂ ಒಮ್ಮೆ ನೋಡಿದರು. ಆಮೇಲೆ ಗಟ್ಟಿಯಾಗಿ, “ನನ್ನ ಗುರು ದುಃಖಹರಣ್ ಮಹಾರಾಜ್” ಎಂದು ಹೇಳಿ, ಕೈಯನ್ನು ತಮ್ಮ ಕಿವಿಗೆ ಒಯ್ಯಲಿಲ್ಲ. ಮಿಠಾಯಿಲಾಲನ ಬಲಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದರು.

“ಇದೇ ನನ್ನ ಕಿವಿ” ಎಂದರು. “ನಂದು ಮೂರು ವರ್ಷದಿಂದ ಸವೀತಾ ಬಂದು ಹೋದ ವರ್ಷ ಕೈಕೊಡ್ತು. ಇವತ್ತು ನೀವು ಕೇಳಿದ್ದು ನನ್ನ ಕೈ, ಇವನ ಕಿವಿ. ಇವನು ಯಾವ ಕಿವಿ ಮುಟ್ಟಿದ ಅಂತ ನೋಡ್ಕೊಂಡೇ ನಾನು ತಬಲಾ ಸೇರಿಸಿದ್ದು. ಇವನು ಹೆಸರಿಗೆ ಮುಟ್ಟಿದ್ದಿದ್ರೆ ನಾನು ಇಲ್ಲೇ ಮಾನ ಕಳ್ಕೊಳ್ತಿದ್ದೆ.”

ಕಚೋರಿಯವನು ಕೂತುಬಿಟ್ಟ. ಬುಂದೂ ಖಾನ್ ಸಾರಂಗಿಯನ್ನು ಮಡಿಲಿಂದ ಕೆಳಗಿಟ್ಟು ಮೊದಲು ತನ್ನ ಕಿವಿ ಮುಟ್ಟಿದ. ಆಮೇಲೆ ಹಿರಿಯರು, ಆಮೇಲೆ ಎಲ್ಲರೂ. ರಾಮಾಶ್ರಯ್ ಸ್ವಲ್ಪ ತಡಮಾಡಿದ, ಆದರೆ ಮುಟ್ಟಿದ.

“ಮುಂದಿನ ವರ್ಷದಿಂದ ಜಾಗ ನಿಂದೇ” ಎಂದರು ಮಹಾರಾಜರು ಅವನಿಗೆ. “ಚೆನ್ನಾಗಿ ನುಡಿಸ್ತೀಯ. ಮೈಕಲ್ಲಿ ಮಾತ್ರ ಸ್ವಲ್ಪ ಕಮ್ಮಿ ಮಾತಾಡು.”

ನಕ್ಕವರೂ ಇದ್ದರು, ಅತ್ತವರೂ ಇದ್ದರು. ಮಿಠಾಯಿಲಾಲನ ಮಣಿಕಟ್ಟಿಗೆ ದಾರ ಬಿತ್ತು. ಬೆರಳು ಜಾರಲೆಂದು ಮಹಾರಾಜರು ಹಚ್ಚಿಕೊಂಡಿದ್ದ ಬಿಳೀ ಪುಡಿ ಅವನ ಕಿವಿಯ ಕರೀ ಮಚ್ಚೆಯ ಮೇಲೆ ಅಂಟಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಕಡಲೆ ಬೆಲ್ಲವನ್ನು ಗುರು ಬಾಯಿಗಿಟ್ಟಾಗ, ಹಲ್ಲು ಕಿತ್ತ ಕಡೆ ಬಿಟ್ಟು ಇನ್ನೊಂದು ಕಡೆಯಿಂದ ಅಗಿದ.

“ಮಹಾರಾಜ್, ಇನ್ಮುಂದೆ ನನ್ನ ಕಿವಿಯಿಂದ ನಿಮಗೆ ಕೆಲಸ ಇಲ್ವಲ್ಲ” ಎಂದ ಮೆಲ್ಲಗೆ.

ಮಹಾರಾಜರು ಅವನ ತುಟಿಗಳನ್ನೇ ನೋಡುತ್ತಿದ್ದರು. ಅರ್ಥವಾಯಿತು.

“ನಾಳೆ ಬೆಳಿಗ್ಗೆ ಬಾ” ಎಂದರು. “ಡಗ್ಗಾದ ಮೇಲಿನ ಬಟ್ಟೆ ತೆಗಿ. ಎರಡೂ ಕೈ ಬೇಕು. ‘ಧಾ’ ಹೇಳಿಕೊಡ್ತೀನಿ.”