ಹತ್ತು ಸಾವಿರ ಸಲ ಒಂದೇ ದಾರಿ

ನನ್ನ ಗ್ರಾಫಿನ ಮೇಲೆ ಮೊದಲು ಅನುಮಾನಪಟ್ಟದ್ದು ಒಂದು ಬಸವನಹುಳು. ಅಂದರೆ, ಬಸವನಹುಳುವಿನ ಚಿತ್ರ ಹಾಕಿಕೊಂಡ, ಯಾವ ದೇಶದವರೆಂದೂ ತಿಳಿಯದ ಯಾರೋ ಒಬ್ಬರು. ನಾನು ಬರೆದ ಕೋಡನ್ನು ಯಾರು ಬೇಕಾದರೂ ಇಳಿಸಿಕೊಂಡು ಓಡಿಸಿ ನೋಡಲಿ ಎಂದು ಅಂತರ್ಜಾಲದಲ್ಲಿ ತೆರೆದಿಟ್ಟಿದ್ದೆ. ಬಸವನಹುಳು ಓಡಿಸಿ ನೋಡಿ ಎರಡು ಸಾಲು ಬರೆದಿತ್ತು: "ಸೀಡ್ ಏಳು ಇದ್ದರೆ ನಿಮ್ಮ ಗ್ರಾಫೇ ಬರುತ್ತದೆ. ಎಂಟು ಮಾಡಿದರೆ ಬರುವುದಿಲ್ಲ. ಯಾಕೆ?"

ನನಗೆ ಕೋಪ ಮೂಗಿನ ತುದಿಯಲ್ಲೇ. ಮಹಾಪ್ರಬಂಧ ಒಪ್ಪಿಸಲು ಮೂರು ವಾರ ಉಳಿದಿತ್ತು. ಸಂಶೋಧನಾ ಪತ್ರಿಕೆಯಲ್ಲಿ ಆಗಲೇ ಅಚ್ಚಾಗಿದ್ದ ಆ ಗ್ರಾಫೇ ಮೂರನೆಯ ಅಧ್ಯಾಯಕ್ಕೆ ಆಧಾರ. ಅದು ಬಿದ್ದರೆ ನನ್ನ ಐದು ವರ್ಷದ ಡಾಕ್ಟರೇಟೂ ಬೀಳಬಹುದು. ಮೊಸರಲ್ಲಿ ಕಲ್ಲು ಹುಡುಕುವವರು ಎಲ್ಲಿಂದ ಬರುತ್ತಾರೋ ಎಂದು ಬೈದುಕೊಳ್ಳುತ್ತಲೇ ಕೂತೆ.

ನಮ್ಮ ಕೆಲಸ ಇಷ್ಟೇ. ಮೊಬೈಲಿನ ಸಂಕೇತ ಗಾಳಿಯಲ್ಲಿ ಹೋಗುವಾಗ ಗೋಡೆ, ಬಸ್ಸು, ಮರಗಳಿಗೆ ಬಡಿದು ಕೆಡುತ್ತದೆ. ಕೆಟ್ಟದ್ದನ್ನು ರಿಪೇರಿ ಮಾಡುವ ಉಪಾಯವೊಂದು ನನ್ನದು. ಊರೆಲ್ಲ ಗೋಪುರ ನಿಲ್ಲಿಸಿ ಪರೀಕ್ಷಿಸುವುದು ಆಗದ ಮಾತು. ಆದ್ದರಿಂದ ಕಂಪ್ಯೂಟರಿನೊಳಗೇ ಹತ್ತು ಸಾವಿರ ದಾರಿಗಳನ್ನು ಎರ್ರಾಬಿರ್ರಿಯಾಗಿ ಹುಟ್ಟಿಸಿ, ಒಂದೊಂದರಲ್ಲೂ ಸಂಕೇತ ಕಳಿಸಿ, ತಪ್ಪು ಎಣಿಸುತ್ತೇವೆ. ಆ ಎರ್ರಾಬಿರ್ರಿ ಎಲ್ಲಿಂದ ಶುರುವಾಗಬೇಕು ಎಂದು ಹೇಳುವ ಸಂಖ್ಯೆಯೇ ಸೀಡ್. ಅದೇ ಸಂಖ್ಯೆ ಕೊಟ್ಟರೆ ಯಾರ ಕಂಪ್ಯೂಟರಿನಲ್ಲೂ ಅವೇ ದಾರಿಗಳು ಅದೇ ಸಾಲಿನಲ್ಲಿ ಬರುತ್ತವೆ. ಸಂಖ್ಯೆ ಬದಲಾದರೆ ದಾರಿಗಳು ಬದಲಾಗುತ್ತವೆ, ನಿಜ. ಆದರೆ ಹತ್ತು ಸಾವಿರದ ಸರಾಸರಿ ಕೂದಲೆಳೆಗಿಂತ ಹೆಚ್ಚು ಅಲುಗಬಾರದು.

ಎಂಟು ಹಾಕಿದೆ. ಗೆರೆ ಮೇಲಕ್ಕೆ ನೆಗೆಯಿತು. ಒಂಬತ್ತು ಹಾಕಿದೆ. ಇನ್ನೆಲ್ಲಿಗೋ ಹೋಯಿತು.

ತಪ್ಪು ಸಿಕ್ಕಿದ್ದು ಕೋಡಿನ ನಲವತ್ತೊಂದನೆಯ ಸಾಲಿನಲ್ಲಿ. ಯಾರು ಓಡಿಸಿದರೂ ನನ್ನದೇ ಗ್ರಾಫು ಬರಬೇಕೆಂಬ ಅತಿ ಮುತುವರ್ಜಿಯಲ್ಲಿ, ಶುರುವಿಗೆ ಒಮ್ಮೆ ಇಡಬೇಕಾದ ಸೀಡನ್ನು ದಾರಿ ಹುಟ್ಟಿಸುವ ಪ್ರತಿ ಸುತ್ತಿನ ಒಳಗೂ ಇಟ್ಟಿದ್ದೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ಮೊದಲನೆಯ ದಾರಿಯೇ ಮತ್ತೆ ಹುಟ್ಟುತ್ತಿತ್ತು. ಹತ್ತು ಸಾವಿರ ದಾರಿ ತುಳಿದೆನೆಂದು ಬೀಗಿದವಳು ಒಂದೇ ದಾರಿಯಲ್ಲಿ ಹತ್ತು ಸಾವಿರ ಸಲ ಓಡಾಡಿದ್ದೆ. ಅದೂ ನನ್ನ ಉಪಾಯಕ್ಕೆ ಹೇಳಿ ಮಾಡಿಸಿದಂಥ ದಾರಿ! ನಾಚಿಕೆಯಿಂದ ಕುಗ್ಗಿಹೋದೆ.

ಮನೆಗೆ ಹೋದಾಗ, ದರ್ಜಿ ಕೆಲಸ ಮಾಡುವ ನನ್ನ ಅಕ್ಕ ಯಾರದೋ ಅಂಗಿಯ ತೋಳು ಬಿಚ್ಚುತ್ತ ಕೂತಿದ್ದಳು. ಎಲ್ಲ ಹೇಳಿದೆ.

"ಸುಮ್ನಿದ್ಬಿಟ್ರೆ ಯಾರಿಗೆ ಗೊತ್ತಾಗುತ್ತೆ ಅಕ್ಕಾ? ಕೇಳಿದ್ದು ಒಂದು ಬಸವನಹುಳು, ಅಷ್ಟೇ."

"ನಿಂಗೆ ಗೊತ್ತಾಯ್ತಲ್ಲ," ಎಂದಳು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಇನ್ನು ಜೀವನಪೂರ್ತಿ ಅದನ್ನೇ ಹೇಳ್ಕೊಂಡು ನನ್ನ ತಲೆ ತಿಂತೀಯ. ಹೋಗಿ ಒಪ್ಕೊಂಡ್ಬಿಡು ಮಾರಾಯ್ತಿ, ನಂಗಾದ್ರೂ ನೆಮ್ಮದಿ ಸಿಗ್ಲಿ."

ಮರುದಿನ ಬೆಳಿಗ್ಗೆ ಕೋಡ್ ತಿದ್ದಿ ಓಡಿಸಿದೆ. ತಪ್ಪುಗಳು ನೂರಕ್ಕೆ ಐವತ್ತು ಕಡಿಮೆಯಾಗುತ್ತವೆ ಎಂದು ಜಗತ್ತಿಗೆ ಸಾರಿದ್ದೆನಲ್ಲ, ಈಗ ಬಂದದ್ದು ಹನ್ನೊಂದು. ಅದನ್ನೇ ಹಿಡಿದುಕೊಂಡು ನನ್ನ ಸಂಶೋಧನೆಯ ಗೈಡ್ ಮುಂದೆ ನಿಂತೆ. ಕುರ್ಚಿಯ ಮೇಲೂ ಪುಸ್ತಕ ಪೇರಿಸಿದ ಅವರ ಕೋಣೆಯಲ್ಲಿ ಬೈಸಿಕೊಳ್ಳುವವರು ನಿಂತೇ ಬೈಸಿಕೊಳ್ಳಬೇಕು.

ಅವರು ಬೈಯಲಿಲ್ಲ. "ಹನ್ನೊಂದು ಇದ್ಯಲ್ಲ. ಸೊನ್ನೆ ಏನಲ್ವಲ್ಲ," ಎಂದರು. "ಪತ್ರಿಕೆಗೆ ತಿದ್ದುಪಡಿ ಕಳಿಸೋಣ. ಮೊದಲು ಆ ಬಸವನಹುಳುಗೆ ಬರಿ. ಯಾವ ಸೀಡಾದ್ರೂ ಹಾಕಿ ನೋಡ್ಲಿ. ಇದೂ ನಿಲ್ಲದೇ ಇದ್ರೆ ಮೂರನೇ ಅಧ್ಯಾಯ ಕೈಬಿಡಬೇಕಾಗುತ್ತಮ್ಮಾ."

ಬರೆದೆ. "ತಪ್ಪು ನನ್ನದು" ಎಂಬ ಎರಡು ಪದ ಟೈಪಿಸಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ನಾಲ್ಕು ದಿನ ಉತ್ತರವಿಲ್ಲ. ಊಟ ಸೇರಲಿಲ್ಲ. ಪ್ರಯೋಗಾಲಯದಲ್ಲಿ ಯಾರು ಮಾತಾಡಿಸಿದರೂ ಸಿಡುಕಿದೆ.

ಐದನೆಯ ದಿನ ಉತ್ತರ ಬಂತು: "ಮುನ್ನೂರು ಸೀಡ್ ಹಾಕಿ ನೋಡಿದೆ. ಪ್ರತಿ ಸಲವೂ ಹನ್ನೊಂದರ ಆಸುಪಾಸೇ. ನನ್ನ ಕಂಪ್ಯೂಟರ್ ಹಳೆಯದು, ತಡವಾಯಿತು, ಕ್ಷಮಿಸಿ."

ಅಳು ತಡೆಯಲಾಗಲಿಲ್ಲ. ಮುಖವನ್ನೇ ಕಾಣದ ಒಬ್ಬರು ನನಗಾಗಿ ನಾಲ್ಕು ದಿನ ತಮ್ಮ ಕಂಪ್ಯೂಟರ್ ಸವೆಸಿದ್ದರು. ನಾನೋ ಅವರನ್ನು ಹುಳು ಎಂದು ಆಡಿಕೊಂಡಿದ್ದೆ. ಆ ಉತ್ತರವನ್ನು ಅಚ್ಚು ಹಾಕಿಸಿ, ತಿದ್ದಿದ ಅಧ್ಯಾಯದ ಜೊತೆ ಗೈಡ್ ಹತ್ತಿರ ಒಯ್ದೆ.

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು.

"ನನ್ನ ಪಿಎಚ್‌ಡಿ ಗ್ರಾಫಿಗೆ ಇಪ್ಪತ್ತೆರಡು ವರ್ಷ ಆಯ್ತು," ಎಂದರು. "ಕೋಡ್ ಯಾರಿಗೂ ಕೊಡ್ಲಿಲ್ಲ. ಹಾಗಾಗಿ ತಪ್ಪು ಅಂತ ಇವತ್ತಿನವರೆಗೂ ಯಾರೂ ಅನ್ಲಿಲ್ಲ."

ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡರು.

"ಸರಿ ಅಂತಾನೂ ಯಾರೂ ಅನ್ಲಿಲ್ಲಮ್ಮಾ," ಎಂದು, ಹನ್ನೊಂದು ಎಂದು ಬರೆದಿದ್ದ ಪುಟದ ಕೆಳಗೆ ಸಹಿ ಹಾಕಿದರು.