ಕಣ್ಣು ಕಿರಿದು ಮಾಡಿದ ಗೂಳಿ

ಹೊಸ ಗೂಳಿಯ ಮೇಲೆ ಹೊದಿಸಿದ್ದ ಬಟ್ಟೆ ಜಾರಿದ್ದೇ ತಡ, ಚಾಳೀಸಿನ ಕೈಯಲ್ಲಿದ್ದ ಬನ್ನು ಚಹಾದ ಲೋಟದೊಳಗೆ ಬಿತ್ತು.

“ಅಯ್ಯೋ, ಇದರ ಕಣ್ಣೆಲ್ಲಿ?” ಎಂದ.

ಬಳಗದವರೆಲ್ಲ ಚಾಳೀಸು ಎಂದೇ ಕರೆಯುತ್ತಿದ್ದ ಅವನ ಕನ್ನಡಕದ ಅಂಗಡಿಯಲ್ಲಿ ಆವತ್ತು ಗಿರಾಕಿಗಳಿಗಿಂತ ಗೂಳಿ ಬಳಗದವರೇ ಹೆಚ್ಚು. ಗೋಡೆಯ ದೊಡ್ಡ ಟಿವಿಯಲ್ಲಿ ದಿನವೂ ಕನ್ನಡಕ ಹಾಕಿಕೊಂಡು ಕಾರಣವಿಲ್ಲದೆ ನಗುವ ಚೆಲುವೆಯರಿಗೆ ರಜೆ ಕೊಟ್ಟು, ಹೊಸ ಬಂಡಿಯ ಅನಾವರಣದ ನೇರ ಪ್ರಸಾರ ಹಾಕಿದ್ದರು. ಗೂಳಿ ಎನ್ನುವುದು ಅಭಿಮಾನಿಗಳು ಇಟ್ಟ ಹೆಸರು. ಕಂಪನಿ ಇಟ್ಟಿದ್ದು ಅಕ್ಷರ, ಅಂಕಿಗಳ ಒಂದು ಗೊಂಚಲು. ಅದನ್ನು ವಿಮೆಯವರು ಬಿಟ್ಟರೆ ಯಾರೂ ಉಚ್ಚರಿಸುತ್ತಿರಲಿಲ್ಲ. ಕಲ್ಲಿರಲಿ, ಕೆಸರಿರಲಿ, ಹಳ್ಳವಿರಲಿ, ತಲೆ ತಗ್ಗಿಸಿ ನುಗ್ಗುವ ಜೀಪಿನಂಥ ಬಂಡಿ ಅದು. ಚೌಕನೆಯ ಮೈ, ಮುಂದೆ ಎರಡು ದುಂಡನೆಯ ದೀಪ, ಬೆನ್ನ ಮೇಲೆ ಒಂದು ಸ್ಟೆಪ್ನಿ. ಅಪ್ಪಂದಿರ ಕಾಲದಿಂದ ಒಂದು ಗೆರೆಯೂ ಬದಲಾಗಿರಲಿಲ್ಲ. ಈಗ ದುಂಡು ದೀಪಗಳಿದ್ದ ಜಾಗದಲ್ಲಿ ಬ್ಲೇಡಿನಿಂದ ಗೀರಿದಂಥ ಎರಡು ಬಿಳಿ ಗೆರೆಗಳಿದ್ದವು.

“ಹಲ್ಲೂ ಇಲ್ಲ ಕಣ್ರೀ!” ಹಲ್ಲಿನ ಡಾಕ್ಟರಮ್ಮ ಟಿವಿಯ ಹತ್ತಿರ ಹೋಗಿ ಬಗ್ಗಿ ನೋಡಿದರು. “ಮುಂದಿನ ಜಾಲರಿ ಪೂರ್ತಿ ಕಿತ್ತು ಬೋಳುಬಾಯಿ ಮಾಡಿದಾರೆ. ಒಂದು ಮಾತು ಕೇಳಬಾರ್ದಿತ್ತಾ?”

“ಮೂಲೆಗಳೆಲ್ಲ ಹೇಗೆ ಉಬ್ಬಿವೆ ನೋಡಿ. ಯೀಸ್ಟ್ ಜಾಸ್ತಿಯಾದ ಬ್ರೆಡ್ಡು,” ಎಂದು ಬೇಕರಿಯಣ್ಣ ಮುಖ ಕಿವುಚಿದ.

ಬಂಡಿ ವೇದಿಕೆಯ ಮೇಲೆ ನಿಧಾನವಾಗಿ ಒಂದು ಸುತ್ತು ತಿರುಗಿತು, ಬೆನ್ನು ಕಂಡಿತು, ಬೆನ್ನ ಮೇಲೆ ಸ್ಟೆಪ್ನಿ ಇರಲಿಲ್ಲ. ಡ್ರಿಲ್ ಮೇಷ್ಟ್ರು ಎದ್ದು ಹೊರಗೆ ಹೋಗಿ, ಬೀದಿಯಲ್ಲಿ ನಿಂತಿದ್ದ ತಮ್ಮ ಹಳೆ ಗೂಳಿಯ ಸ್ಟೆಪ್ನಿಯನ್ನು ಒಮ್ಮೆ ತಟ್ಟಿ, ಸಮಾಧಾನ ಮಾಡಿಕೊಂಡು ಒಳಗೆ ಬಂದರು.

ಆಗ ಚಾಳೀಸಿನ ಮೈಮೇಲೆ ಏನು ಬಂತೋ, ಸ್ಟೂಲು ಹತ್ತಿಬಿಟ್ಟ. “ದೃಷ್ಟಿ ಪರೀಕ್ಷೆಗೆ ಬಂದವರು ಕೊನೇ ಸಾಲು ಓದೋಕಾಗದೆ ಹೀಗೆ ಕಣ್ಣು ಕಿರಿದು ಮಾಡ್ತಾರಲ್ಲ, ಹಾಗಿದೆ ಇದರ ಮುಖ! ಇದು ಗೂಳಿ ಅಲ್ಲ. ಕನ್ನಡಕ ಬೇಕಾಗಿರೋ ಎಮ್ಮೆ! ಬರಲಿ ನನ್ನಂಗಡಿಗೆ, ನಂಬರ್ ಹಾಕಿ ಕಳಿಸ್ತೀನಿ!” ಎಂದು ಕೂಗಿ, ತಾನೇ ಕಣ್ಣು ಕಿರಿದು ಮಾಡಿ ತೋರಿಸಿದ. ಮೇಷ್ಟ್ರು ಅದನ್ನು ಮೊಬೈಲಿನಲ್ಲಿ ಹಿಡಿದು ಹರಿಯಬಿಟ್ಟರು.

ಸಂಜೆಯ ಹೊತ್ತಿಗೆ ಅವನ ಕಿರಿಗಣ್ಣು ಊರೂರು ಸುತ್ತಿತ್ತು. ಅಪರಿಚಿತರು ಫೋನು ಮಾಡಿ “ಎಮ್ಮೆ ಸಾರ್ ಅಲ್ವಾ?” ಎಂದು ಕೇಳತೊಡಗಿದರು. ವಾರ ಕಳೆಯುವುದರೊಳಗೆ ಷೋರೂಮಿನಿಂದಲೂ ಕರೆ ಬಂತು. “ಸಾರ್, ಚೆನ್ನಾಗಿ ಬೈದವರೇ ಮೊದಲು ಓಡಿಸಲಿ ಅಂತ ನಮ್ಮಾಸೆ,” ಎಂದಳು ಒಬ್ಬ ಹುಡುಗಿ, ಬೆಣ್ಣೆಯಂಥ ದನಿಯಲ್ಲಿ. “ಹಳೇ ಕಲ್ಲುಕ್ವಾರೀಲಿ ವ್ಯವಸ್ಥೆ ಮಾಡಿದೀವಿ. ಫ್ಯಾಮಿಲೀನೂ ಕರ್ಕೊಂಡು ಬನ್ನಿ.”

ಬಳಗ ತುರ್ತು ಸಭೆ ಸೇರಿ, ಹೋಗಿ ಓಡಿಸಿ, ಹೊಟ್ಟೆ ತುಂಬಾ ಬೈದು ಬರಬೇಕೆಂದು ಅವನಿಗೆ ಅಪ್ಪಣೆ ಕೊಟ್ಟಿತು. ತಾವೆಲ್ಲ ಹಳೆ ಗೂಳಿಗಳಲ್ಲಿ ಹಿಂದೆ ಬಂದು ಕ್ವಾರಿಯ ಅಂಚಿನಲ್ಲಿ ಸಾಕ್ಷಿಗೆ ನಿಲ್ಲುವುದೆಂದಾಯಿತು.

ಮನೆಯಲ್ಲಿ ಹೆಂಡತಿ ಉತ್ತರಪತ್ರಿಕೆ ತಿದ್ದುತ್ತಾ ತಲೆಯೆತ್ತದೆ ಹೇಳಿದಳು: “ನಂಗೆ ಸ್ಕೂಲಿದೆ, ಮುಗಿಸ್ಕೊಂಡು ಬರ್ತೀನಿ. ಅಮ್ಮನ್ನ ಕರ್ಕೊಂಡ್ಹೋಗಿ. ಮನೇಲಿ ಕೂತು ಕೂತು ಬೇಜಾರಾಗಿದಾರೆ.”

ಚಾಳೀಸಿನ ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ನಿವೃತ್ತರಾದವರು. ದನಿ ಇನ್ನೂ ಗಂಟೆಯಂತಿತ್ತು. ಮಂಡಿ ಮಾತ್ರ ಕೈಕೊಟ್ಟಿತ್ತು. ಹಳೆ ಗೂಳಿಗೆ ಅವರನ್ನು ಹತ್ತಿಸುವುದು ಆ ಬೀದಿಗೇ ಒಂದು ತಮಾಷೆ. ಮೇಲಿನಿಂದ ಮಗಳು ಎಳೆಯಬೇಕು, ಕೆಳಗಿನಿಂದ ಅಳಿಯ ಮುಖ ಆ ಕಡೆ ತಿರುಗಿಸಿಕೊಂಡು ನೂಕಬೇಕು, ಎದುರುಮನೆಯವರು ಕಿಟಕಿಯಿಂದ ಸಲಹೆ ಕೊಡಬೇಕು. ಅದಕ್ಕೇ ಅವರು ಬಂಡಿ ಹತ್ತುವುದನ್ನೇ ಬಿಟ್ಟಿದ್ದರು. ಆದರೂ ಆವತ್ತು ಆಟೋ ಹಿಡಿದು ಕ್ವಾರಿಗೆ ಬಂದಿಳಿದರು.

ಹೊಸ ಗೂಳಿ ಕೆಂಪು ಮಣ್ಣಿನ ಬಯಲಿನಲ್ಲಿ ನಿಂತಿತ್ತು, ಮೈತುಂಬ ಹಳದಿ ಬಣ್ಣ. ಚಾಳೀಸು ಅಭ್ಯಾಸಬಲದಿಂದ ಅತ್ತೆಯನ್ನು ನೂಕಲು ಸೆರಗಿನ ಹಿಂದೆ ಹೋಗಿ ನಿಂತ. ಷೋರೂಮಿನ ಹುಡುಗಿ ಬಾಗಿಲ ಹತ್ತಿರದ ಒಂದು ಗುಂಡಿ ಒತ್ತಿದಳು. ಬಂಡಿ ಉಸ್ಸೆಂದು ಉಸಿರು ಬಿಟ್ಟು ಮೈ ತಗ್ಗಿಸಿತು. ಅತ್ತೆ ಸೋಫಾದಲ್ಲಿ ಕೂರುವಂತೆ ಕೂತು, ಕಾಲೆರಡನ್ನೂ ಒಳಗೆಳೆದುಕೊಂಡು, ಸೆರಗು ಸರಿಮಾಡಿಕೊಂಡರು.

“ಅಳಿಯಂದ್ರೇ, ನೂಕೋದು ಬೇಡ. ಬನ್ನಿ, ಕೂತ್ಕೊಳಿ,” ಎಂದರು.

ಡ್ರಿಲ್ ಮೇಷ್ಟ್ರು ಓಡಿಬಂದು ಬಳಗದ ವಾಕಿಟಾಕಿಯೊಂದನ್ನು ಕಿಟಕಿಯಿಂದ ಕೊಟ್ಟರು. “ಬೈಯಬೇಕು ಅನ್ನಿಸಿದಾಗ ಈ ಗುಂಡಿ ಒತ್ತಿ ಬೈಯಿರಿ. ಮೇಲೆ ನಾವೆಲ್ಲ ಕೇಳ್ತಾ ಇರ್ತೀವಿ.” ಚಾಳೀಸು ಅದನ್ನು ಅತ್ತೆಯ ಮಡಿಲಿಗೆ ಹಾಕಿ ಬಂಡಿ ಹೊರಡಿಸಿದ.

ಮೊದಲ ತಿರುವಿನವರೆಗೂ ಅವನ ಹುಬ್ಬು ಗಂಟಿಕ್ಕಿಯೇ ಇತ್ತು. ಕ್ವಾರಿಯ ಅಂಚಿನಲ್ಲಿ ಸಾಲಾಗಿ ನಿಂತಿದ್ದ ಹಳೆ ಗೂಳಿಗಳು, ಅವುಗಳ ನಡುವೆ ಮೇಷ್ಟ್ರು ಓಡಿಸಿಕೊಂಡು ಬಂದಿದ್ದ ಅವನದೇ ಹಸಿರು ಗೂಳಿ, ದುಂಡು ಕಣ್ಣು ಬಿಟ್ಟು ತನ್ನನ್ನೇ ನೋಡುತ್ತಿರುವಂತೆ ಅನ್ನಿಸಿತು. ಅವನು ಆ ಕಡೆ ನೋಡದೆ ಬಂಡೆಗಳ ರಾಶಿಯ ಮೇಲೆ ಬಂಡಿ ಏರಿಸಿದ. ಹಳೆ ಗೂಳಿಯಾಗಿದ್ದರೆ ಇಷ್ಟು ಹೊತ್ತಿಗೆ ಬೆನ್ನುಮೂಳೆಯ ಪ್ರತಿ ಮಣಿಯೂ ತನ್ನ ಪರಿಚಯ ಹೇಳಿಕೊಳ್ಳುತ್ತಿತ್ತು. ಇದು ಒಂದೊಂದೇ ಚಕ್ರವನ್ನು ಎತ್ತಿ, ತಡವಿ, ಇಟ್ಟು, ಬೆಕ್ಕು ಅಡುಗೆಮನೆಯ ಕಟ್ಟೆಯ ಮೇಲೆ ಪಾತ್ರೆ ಉರುಳಿಸದೆ ನಡೆಯುವಂತೆ ದಾಟಿಬಿಟ್ಟಿತು.

“ಅರೆ!” ಎಂದ ಚಾಳೀಸು.

ಮುಂದೆ ನೀರಿನ ಹೊಂಡ. ಸರ್ರನೆ ಎರಡೂ ಕಡೆ ಕೆಂಪು ರೆಕ್ಕೆ ಬಿಚ್ಚಿದಂತೆ ನೀರೆದ್ದಿತು. ಅವನ ಬಾಯಿಂದ ಗಂಡಸರು ಸಾಮಾನ್ಯವಾಗಿ ಹೊರಡಿಸದ ಒಂದು ಕಿರುಚು ಹೊರಟಿತು. ನಂತರದ ಏರು ಎಷ್ಟು ಕಡಿದಾಗಿತ್ತೆಂದರೆ ಗಾಜಿನ ತುಂಬಾ ಬರೀ ಆಕಾಶ. ಬಂಡಿ ಅದನ್ನೂ ಗುನುಗುತ್ತಾ ಹತ್ತಿತು. ಅಲ್ಲಿಗೆ ಅವನ ಸಂಯಮ ಪೂರ್ತಿ ಕಳಚಿತು.

“ಅತ್ತೇ! ನೋಡಿದ್ರಾ ಅತ್ತೇ! ಏನು ಹೋಗುತ್ತೆ ಇದು! ಅಯ್ಯಯ್ಯೋ ನನ್ನ ಬಂಗಾರ, ನನ್ನ ಮುದ್ದು, ನನ್ನ ಪುಟ್ಟಮ್ಮಾ!” ಎಂದು ಸ್ಟೇರಿಂಗನ್ನು ತಟ್ಟಿದ. “ನಿನ್ನ ಎಮ್ಮೆ ಅಂದೋನ ಬಾಯಿಗೆ ಮಣ್ಣು ಹಾಕ!”

“ಅಂದೋರು ನೀವೇ ಅಲ್ವಾ?” ಎಂದರು ಅತ್ತೆ, ಮುಂದೆ ನೋಡುತ್ತಲೇ.

“ನಾನೇ! ನನ್ನ ಬಾಯಿಗೇ! ಇನ್ನೊಂದ್ಸಲ ನೀರಿಗಿಳಿಯೋಣ್ವಾ ಅತ್ತೆ?”

“ಇಳೀರಿ, ಇಳೀರಿ. ಸ್ವಲ್ಪ ಜೋರಾಗಿ.”

ಇಳಿದರು. ಒಮ್ಮೆಯಲ್ಲ, ಮತ್ತೆ ಮತ್ತೆ ಇಳಿದರು. ಕೊನೆಗೆ ಹೊತ್ತಾಯಿತೆಂದು ಕ್ವಾರಿಯ ಮೇಲಕ್ಕೆ ಹೊರಟಾಗ ಚಾಳೀಸು ಕನ್ನಡಿಯಲ್ಲಿ ನೋಡಿಕೊಂಡು ನಗುವನ್ನು ಒರೆಸಿಕೊಂಡ, ಹುಬ್ಬು ಗಂಟಿಕ್ಕಿಕೊಂಡ, ಮುಖ ಹುಳಿ ಮಾಡಿಕೊಂಡ. ಬಳಗದವರು ಸಾಲಾಗಿ ನಿಂತಿದ್ದರು.

ಚಾಳೀಸು ಇಳಿದು ಗಂಟಲು ಸರಿಮಾಡಿಕೊಂಡ. “ನೋಡಿ, ನಾನು ನಿಷ್ಪಕ್ಷಪಾತವಾಗಿ ಹೇಳ್ತಿದೀನಿ. ಬರೀ ಥಳಕು. ಜೀವ ಇಲ್ಲ. ಕೂತರೆ ಏನೂ ಅನ್ನಿಸೋದೇ ಇಲ್ಲ...”

ಡಾಕ್ಟರಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಅವರ ಭುಜ ಕುಲುಕುತ್ತಿತ್ತು.

“ಏನೂ ಅನ್ನಿಸ್ಲಿಲ್ವಾ?” ಬೇಕರಿಯಣ್ಣ ಬಲು ಗಂಭೀರವಾಗಿ ಕೇಳಿದ. “ಒಂಚೂರೂ ಅನ್ನಿಸ್ಲಿಲ್ವಾ, ಪುಟ್ಟಮ್ಮಾ?”

ಚಾಳೀಸಿನ ಕಿವಿ ಕೆಂಪಗಾಯಿತು. ನಿಧಾನವಾಗಿ ಬಂಡಿಯ ಕಡೆ ತಿರುಗಿದ. ಅತ್ತೆ ಮುಂದಿನ ಸೀಟಿನಲ್ಲಿ ರಾಣಿಯಂತೆ ಕೂತಿದ್ದರು. ವಾಕಿಟಾಕಿ ಅವರ ಕೈಯಲ್ಲಿತ್ತು, ಹೆಬ್ಬೆರಳು ಗುಂಡಿಯ ಮೇಲಿತ್ತು.

“ಅತ್ತೇ, ನೀವು...”

“ಅಷ್ಟು ವರ್ಷ ಎಕ್ಸ್‌ಚೇಂಜಲ್ಲಿದ್ದೆ, ಒಂದು ದಿನಾನೂ ಲೈನ್ ಕಟ್ ಮಾಡಿದವಳಲ್ಲ,” ಎಂದರು ಅತ್ತೆ. “ಅಷ್ಟು ಚೆನ್ನಾಗಿ ಮಾತಾಡ್ತಿದ್ರಿ. ಪಾಪ, ಅವರಿಗೂ ಕೇಳಲಿ ಅಂತ ಹಿಡಿದಿಟ್ಟಿದ್ದೆ.”

ನಗು ಒಡೆಯಿತು. ಮೇಷ್ಟ್ರಂಥ ಮೇಷ್ಟ್ರೇ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಕ್ಕರಿಸಿದರು. ಚಾಳೀಸು ಮೊದಲು ಸಿಟ್ಟು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಅವನಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು. ಆ ನಗುವಿನ ನಡುವೆ ಡಾಕ್ಟರಮ್ಮ ಸದ್ದಿಲ್ಲದೆ ಡ್ರೈವರ್ ಸೀಟಿಗೆ ಏರಿಬಿಟ್ಟಿದ್ದರು. “ನಾನೂ ಒಂದ್ಸಲ ಬೈದು ಬರ್ತೀನಿ,” ಎಂದು ಹೊರಟೇಹೋದರು.

ಆಮೇಲೆ ಸರದಿಗಾಗಿ ಕಿತ್ತಾಟ ಶುರುವಾಯಿತು. ಅತ್ತೆಯನ್ನು ಇಳಿಸಲು ಯಾರಿಂದಲೂ ಆಗಲಿಲ್ಲ. “ನಾನು ಇಳಿಯೋದಿಲ್ಲ. ಹತ್ತೋಕೆ ಸುಲಭ ಆಗಿರೋ ಬಂಡಿ ಒಂದು ಸಿಕ್ಕಿದೆ, ಇಳಿದು ಏನು ಮಾಡ್ಲಿ?” ಎಂದು ಖಡಾಖಂಡಿತವಾಗಿ ಹೇಳಿ, ಪ್ರತಿ ಸುತ್ತಿನಲ್ಲೂ ಅಲ್ಲೇ ಕೂತು ಒಬ್ಬೊಬ್ಬರ ಕಿರುಚಾಟವನ್ನೂ ವಾಕಿಟಾಕಿಯಲ್ಲಿ ಮೇಲಕ್ಕೆ ತಲುಪಿಸಿದರು. ಬೇಕರಿಯಣ್ಣ ನೀರಿನ ಹೊಂಡದಲ್ಲಿ ತನ್ನ ತಾಯಿಯನ್ನು ಕೂಗಿ ಕರೆದದ್ದು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ಸ್ಟೆಪ್ನಿ ಬಂಡಿಯ ಹೊಟ್ಟೆಯ ಅಡಿಯಲ್ಲಿ ಭದ್ರವಾಗಿರುವುದನ್ನು ಮೇಷ್ಟ್ರು ಮಣ್ಣಿನಲ್ಲಿ ಅಂಗಾತ ಮಲಗಿ ಕಣ್ಣಾರೆ ಕಂಡು, “ಇದಾರೆ, ಇಲ್ಲೇ ಇದಾರೆ!” ಎಂದು ಕೂಗಿದರು.

ಬಿಸಿಲು ಇಳಿಯುವ ಹೊತ್ತಿಗೆ ಮೇಷ್ಟ್ರು ಮೊಬೈಲು ತೆಗೆದು ಚಾಳೀಸಿನ ಮುಂದೆ ಹಿಡಿದರು. “ಹೇಳಿ ಎಮ್ಮೆ ಸಾರ್. ಊರಿಗೆಲ್ಲ ಏನೋ ಹೇಳಿದ್ರಲ್ಲ, ಈಗ ಏನಂತೀರಿ?”

ಚಾಳೀಸು ಹಸಿರು ಗೂಳಿಯ ಕಡೆ ಒಮ್ಮೆ, ಹಳದಿ ಗೂಳಿಯ ಕಡೆ ಒಮ್ಮೆ ನೋಡಿದ. “ಇದರ ಮುಖ ನಂಗೆ ಈಗಲೂ ಇಷ್ಟ ಇಲ್ಲ,” ಎಂದ. “ಆದ್ರೆ ಒಳಗೆ ಕೂತ ಮೇಲೆ ಮುಖ ಎಲ್ರೀ ಕಾಣುತ್ತೆ?”

ಅಷ್ಟರಲ್ಲಿ ಸ್ಕೂಟರಿನಲ್ಲಿ ಅವನ ಹೆಂಡತಿ ಬಂದಳು, ಬೆರಳಲ್ಲಿ ಇನ್ನೂ ಕೆಂಪು ಶಾಯಿ. ಕೆಸರು ಮೆತ್ತಿದ ಬಳಗವನ್ನು ಮೇಲಿನಿಂದ ಕೆಳಗೆ ನೋಡಿದಳು. ಗಂಡನನ್ನು ನೋಡಿದಳು. ಮುಂದಿನ ಸೀಟಿನಿಂದಲೇ ಷೋರೂಮಿನ ಹುಡುಗಿಯ ಹತ್ತಿರ ಯಾವ ಯಾವ ಬಣ್ಣ ಸಿಗುತ್ತದೆಂದು ವಿಚಾರಿಸುತ್ತಿದ್ದ ತಾಯಿಯನ್ನು ನೋಡಿದಳು. ಚೀಲವನ್ನು ಗಂಡನ ಕೈಗಿಟ್ಟು ಸ್ಟೇರಿಂಗಿನ ಮುಂದೆ ಕೂತಳು. ಬಳಗದಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡಿಸುವವಳು ಅವಳೇ ಎಂಬುದು ಎಲ್ಲರಿಗೂ ಗೊತ್ತಿದ್ದರೂ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಈಗ ಎಲ್ಲರೂ ಹಿಂದಿನ ಸೀಟಿಗೆ ನುಗ್ಗಿದರು. ಚಾಳೀಸು ಡಾಕ್ಟರಮ್ಮನ ಮೊಣಕೈಗೂ ಬೇಕರಿಯಣ್ಣನ ಹೊಟ್ಟೆಗೂ ನಡುವೆ, ಮಡಿಲಲ್ಲಿ ಉತ್ತರಪತ್ರಿಕೆಗಳ ಚೀಲ ಅಪ್ಪಿಕೊಂಡು ಸಿಕ್ಕಿಕೊಂಡ.

ಅವಳು ಬಂಡಿಯ ಮೂತಿಯನ್ನು ಕ್ವಾರಿಯ ಆ ಬದಿಗೆ ತಿರುಗಿಸಿದಳು. ದಿನವಿಡೀ ಯಾರೂ ಆ ಕಡೆ ಸುಳಿದಿರಲಿಲ್ಲ. ಅಲ್ಲಿ ಇಳಿಜಾರು ಗೋಡೆಯಂತೆ ನೆಟ್ಟಗಿತ್ತು.

“ಅಲ್ಲಿ ಬೇಡ ಕಣೇ,” ಎಂದ ಚಾಳೀಸು ಹಿಂದಿನಿಂದ, ಸಣ್ಣ ದನಿಯಲ್ಲಿ.

“ಹೂಂ, ಬಿಡು ಬಂಡಿ, ಮಗಳೇ,” ಎಂದರು ಅತ್ತೆ.

ಮಗಳು ಬಿಟ್ಟಳು.