ಹುಳಿನೀರು

ಅಣ್ಣ ತಮ್ಮನ ಊಟದ ಡಬ್ಬಿಯನ್ನು ಎತ್ತಿ ಕುಲುಮೆಯೊಳಕ್ಕೆ ಎಸೆದ. ಮುಚ್ಚಳ ಹಾರಿ ಮೂಲೆಗೆ ಬಿತ್ತು. ಬೇಯಿಸಿದ ತರಕಾರಿ ಕೆಂಡದ ಮೇಲೆ ಚೊರ್ ಎಂದು ಸುಟ್ಟು, ಕಮಟು ಹೊಗೆ ತಗಡಿನ ಸೂರಿನವರೆಗೂ ಎದ್ದಿತು. ಸ್ಟೀಲಿನ ಡಬ್ಬಿ ಮೊದಲು ಕಪ್ಪಾಯಿತು, ಆಮೇಲೆ ಅಂಚಿನಿಂದ ಕೆಂಪೇರತೊಡಗಿತು.

"ಈಗ ಬಂದು ಕೂತ್ಕೋ," ಎಂದ ಅಣ್ಣ. "ಅಪ್ಪ ಹೇಳಿದ್ದು ಮರೆತುಹೋಯ್ತಾ ನಿಂಗೆ? ಒಂದೇ ತಟ್ಟೆ."

ತಮ್ಮ ನಿಂತೇ ಇದ್ದ. ನಲವತ್ತಾರು ವರ್ಷದ ಗಂಡಸು, ದಿನವಿಡೀ ದೊಡ್ಡ ಸುತ್ತಿಗೆ ಬೀಸುವವನು, ಉರಿಯುವ ಡಬ್ಬಿಯನ್ನು ನೋಡುತ್ತಾ ಶಾಲೆಯ ಹುಡುಗನಂತೆ ನಿಂತಿದ್ದ. ಅವನಿಗೆ ಅಣ್ಣನೆಂದರೆ ಭಯ, ಮೊದಲಿನಿಂದಲೂ.

ಒಂದೇ ತಟ್ಟೆಯ ಕಟ್ಟಳೆ ಮಾಡಿದ್ದು ಅಪ್ಪ. ಇಪ್ಪತ್ತೈದು ವರ್ಷದ ಹಿಂದೆ ಇದೇ ಕುಲುಮೆಯ ಮುಂದೆ ಅಣ್ಣತಮ್ಮಂದಿರು ಹೊಡೆದಾಡಿಕೊಂಡಿದ್ದರು. ಅಣ್ಣನ ಕೈಯಲ್ಲಿ ಕಾದ ಸಲಾಕೆ, ತಮ್ಮನ ಕೈಯಲ್ಲಿ ಸುತ್ತಿಗೆ. ಅಪ್ಪ ಬಂದು ಇಬ್ಬರಿಗೂ ಬೆಲ್ಟಿನಿಂದ ಚರ್ಮ ಸುಲಿಯುವ ಹಾಗೆ ಬಾರಿಸಿ, ಆಮೇಲೆ ಎದುರುಬದುರು ಕೂರಿಸಿ ಒಂದೇ ತಟ್ಟೆಯಲ್ಲಿ ಊಟ ಬಡಿಸಿದ. "ಇನ್ನು ಮಧ್ಯಾಹ್ನದ ಊಟ ಹೀಗೇ. ಬೇರೆ ಬೇರೆ ಉಂಡ ದಿನ ನೀವಿಬ್ರೂ ಒಬ್ಬರ ತಲೆ ಒಬ್ಬರು ಒಡೀತೀರಿ," ಎಂದಿದ್ದ. ಅಪ್ಪ ಹೋಗಿ ಹತ್ತು ವರ್ಷವಾದರೂ ಆ ಮಾತು ನಡೆದುಕೊಂಡು ಬಂದಿತ್ತು. ಅಡುಗೆ ಅತ್ತಿಗೆಯದು. ಎಣ್ಣೆ ತೇಲಬೇಕು, ಖಾರಕ್ಕೆ ಕಣ್ಣಲ್ಲಿ ನೀರು ಬರಬೇಕು, ಇಲ್ಲದಿದ್ದರೆ ಅಣ್ಣನಿಗೆ ಅದು ಊಟವೇ ಅಲ್ಲ.

ಎಂಟು ತಿಂಗಳ ಹಿಂದೆ ತಮ್ಮನ ದನಿ ಬಿದ್ದುಹೋಯಿತು. ಎದೆಯುರಿ ವರ್ಷಗಳಿಂದ ಇತ್ತು, ಸೋಡಾ ಕುಡಿದು ತೇಗಿ ಸುಮ್ಮನಾಗುತ್ತಿದ್ದ. ಆದರೆ ಈಗ ಮಲಗಿದರೆ ಹುಳಿನೀರು ಗಂಟಲಿಗೆ ನುಗ್ಗಿ, ಉಸಿರು ಕಟ್ಟಿ ಎದ್ದು ಕೂರುತ್ತಿದ್ದ. ಡಾಕ್ಟರು ಬಾಯಿಯ ಮೂಲಕ ಕೊಳವೆ ಇಳಿಸಿ ನೋಡಿದರು. "ಹೊಟ್ಟೆಯ ಮೇಲಿನ ಬಾಯಿ ಸಡಿಲ ಆಗಿದೆ. ಆಸಿಡ್ ಮೇಲಕ್ಕೆ ಬಂದು ಅನ್ನನಾಳ ಹುಣ್ಣಾಗಿದೆ. ಮಾತ್ರೆ ಅರ್ಧ ಕೆಲಸ ಮಾಡುತ್ತೆ, ಉಳಿದರ್ಧ ನೀವೇ ಮಾಡಬೇಕು," ಎಂದರು.

ಡಾಕ್ಟರು ಹೇಳಿದ್ದನ್ನೆಲ್ಲ ಹೆಂಡತಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಖಾರ ಬೇಡ, ಕರಿದದ್ದು ಬೇಡ, ಕಾಫಿ, ಸಿಗರೇಟಿನ ಮಾತೇ ಬೇಡ. ಸ್ವಲ್ಪ ಸ್ವಲ್ಪವೇ ತಿನ್ನಬೇಕು. ತಿಂದು ಎರಡು ಗಂಟೆ ಬಗ್ಗಬಾರದು, ಭಾರ ಎತ್ತಬಾರದು. ರಾತ್ರಿಯ ಊಟ ಸಂಜೆ ಆರಕ್ಕೇ ಮುಗಿಯಬೇಕು. ಮಂಚದ ತಲೆಭಾಗ ಗೇಣುದ್ದ ಎತ್ತರವಾಗಬೇಕು. ಅದಕ್ಕೆ ಅವನು ಎರಡು ಕಬ್ಬಿಣದ ದಿಮ್ಮಿ ಬಡಿದು ತಂದು ಕಾಲುಗಳ ಕೆಳಗಿಟ್ಟ. ಬೆಳಿಗ್ಗೆ ಏಳುವಷ್ಟರಲ್ಲಿ ಹೆಂಡತಿ ಮಂಚದ ಬುಡಕ್ಕೆ ಜಾರಿರುತ್ತಿದ್ದಳು. "ಮದುವೆಯಾದಾಗ ಮಂಚ ಕೊಟ್ಟಿದ್ರು, ಈಗ ಜಾರುಬಂಡೆ ಸಿಕ್ತು," ಎಂದು ನಗುತ್ತಿದ್ದಳು.

ಮೂರು ತಿಂಗಳಿಗೆ ದನಿ ವಾಪಸಾಯಿತು. ಬೆಲ್ಟಿಗೆ ಎರಡು ತೂತು ಹೆಚ್ಚು ಬಿತ್ತು. ಅವನು ಬೆಳಗಿನವರೆಗೂ ಒಂದೇ ನಿದ್ದೆ ಮಾಡತೊಡಗಿದ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತೇನೋ. ಆದರೆ ವಾಸಿಯಾದವನ ಬಾಯಿ ಮುಚ್ಚಿಸುವವರು ಯಾರು? ಸಿಕ್ಕವರಿಗೆಲ್ಲ ಪಥ್ಯ ಹೇಳಿದ. ಪಕ್ಕದ ಲೇತ್ ಅಂಗಡಿಯವನ ಕಾಫಿ ಬಿಡಿಸಿದ. ಕೊನೆಗೆ ಆ ಮಧ್ಯಾಹ್ನ, ಡಬ್ಬಿ ಬಿಚ್ಚುತ್ತಾ ಅಣ್ಣನಿಗೂ ಹೇಳಿಬಿಟ್ಟ. "ಅಣ್ಣ, ನೀನೂ ಈ ಎಣ್ಣೆ ಬಿಡು. ಅತ್ತಿಗೆ ಅಡುಗೆ ಒಂದಿನ ನಿನ್ನನ್ನೂ ತಿಂದುಹಾಕುತ್ತೆ."

ಎಂಟು ತಿಂಗಳಿಂದ ಅಣ್ಣ ದೊಡ್ಡ ತಟ್ಟೆಯ ಮುಂದೆ ಒಬ್ಬನೇ ಕೂತು ಉಣ್ಣುತ್ತಿದ್ದ. ತಮ್ಮನಿಗೆ 'ಸಪ್ಪೆ' ಎಂದು ಹೆಸರಿಟ್ಟು, ಗಿರಾಕಿಗಳ ಎದುರು ಹಾಗೇ ಕರೆದು ನಕ್ಕು, ಹೊಟ್ಟೆಯುರಿಯನ್ನು ಹೇಗೋ ನುಂಗಿಕೊಂಡಿದ್ದ. ಇವತ್ತು ಆಗಲಿಲ್ಲ.

"ಕೂತ್ಕೋ ಅಂದೆ."

"ಆಗಲ್ಲ ಅಣ್ಣ. ತಿಂದ್ರೆ ನಂಗೆ..."

ಕಪಾಳಕ್ಕೆ ಬಿದ್ದ ಏಟಿಗೆ ಕಿವಿ ಗುಂಯ್ ಎಂದಿತು. ಅಣ್ಣ ಅವನ ಕತ್ತುಪಟ್ಟಿ ಹಿಡಿದು ಎಳೆದು ಕೂರಿಸಿ, ಎಣ್ಣೆ ಸುರಿಯುವ ಮಾಂಸದ ತುಂಡನ್ನು ಬಾಯಿಗೆ ತುರುಕಿದ. ಹಲ್ಲಿಗೆ ತುಟಿ ಸಿಕ್ಕಿ ರಕ್ತ ಬಂತು. "ನಿನ್ನ ಅತ್ತಿಗೆ ಕೈ ಅಡುಗೆ ವಿಷಾನಾ? ಹೇಳು. ಇಪ್ಪತ್ತೈದು ವರ್ಷ ವಿಷ ತಿಂದ್ಯಾ ನೀನು?"

ತಮ್ಮ ಅಗಿದ. ಒಡೆದ ತುಟಿಗೆ ಖಾರ ತಾಗಿ ಬೆಂಕಿ ಇಟ್ಟಂತಾಯಿತು. ಅಣ್ಣ ಸಾಕೆನ್ನುವವರೆಗೂ ತಿಂದ. ಇಷ್ಟು ಸಿಟ್ಟು ತನ್ನೊಳಗೆ ಇದೆಯೆಂದು ಅವನಿಗೇ ಗೊತ್ತಿರಲಿಲ್ಲ. ಈ ಮನುಷ್ಯ ಸತ್ತರೆ ಸಾಕು ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಹೆದರಿ ತಲೆ ತಗ್ಗಿಸಿ ಇನ್ನಷ್ಟು ತಿಂದ.

ತಟ್ಟೆ ಖಾಲಿಯಾಗುವಷ್ಟರಲ್ಲಿ ಕುಲುಮೆಯಲ್ಲಿದ್ದ ಕಬ್ಬಿಣ ಬೆಳ್ಳಗಾಗಿತ್ತು. ಕ್ರೇನಿಗೆ ಹಾಕುವ ಕೊಕ್ಕೆ, ತೋಳಿನಷ್ಟು ದಪ್ಪ.

"ಏಳು," ಎಂದ ಅಣ್ಣ.

"ಸ್ವಲ್ಪ ಹೊತ್ತು ತಡಿ. ಈಗ ತಾನೇ ತಿಂದಿದ್ದೀನಿ."

"ನಿನ್ನ ಹೊಟ್ಟೆ ಕೇಳ್ಕೊಂಡು ಕಬ್ಬಿಣ ತಣ್ಣಗಾಗಲ್ಲ. ಏಳೋ ಸಪ್ಪೆ."

ಅವರ ಕೆಲಸದಲ್ಲಿ ಮಾತಿಗೆ ಜಾಗವಿಲ್ಲ. ಅಣ್ಣ ಎಡಗೈಯ ಇಕ್ಕಳದಲ್ಲಿ ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಹಿಡಿದು, ಬಲಗೈಯ ಚಿಕ್ಕ ಸುತ್ತಿಗೆಯಿಂದ ಒಂದು ಕಡೆ ಮುಟ್ಟಿ ತೋರಿಸುತ್ತಾನೆ. ತಮ್ಮ ಅಲ್ಲಿಗೇ ಹೊಡೆಯಬೇಕು. ಅಣ್ಣ ಅಡಿಗಲ್ಲಿನ ಅಂಚಿಗೆ ಎರಡು ಸಲ ಟಕ್ ಟಕ್ ಎಂದರೆ ಏಟು ನಿಲ್ಲಿಸಬೇಕು, ಯಾಕೆಂದರೆ ಆಗ ಅಣ್ಣನ ಎಡಗೈ ಮುಂದಕ್ಕೆ ಬರುತ್ತದೆ, ಕಬ್ಬಿಣ ಮಗುಚಲು. ಸುತ್ತಿಗೆ ಆಗಲೇ ಮೇಲಿದ್ದರೆ ಪಕ್ಕದ ಮಣ್ಣಿಗೆ ಬಿಟ್ಟುಬಿಡಬೇಕು. ತಮ್ಮ ಅದನ್ನು ಸಾವಿರ ಸಲ ಮಾಡಿದ್ದ. ನಿದ್ದೆಗಣ್ಣಲ್ಲೂ ಮಾಡುವಷ್ಟು ಕೈಗೆ ಕೂತಿತ್ತು.

ಆರನೆಯ ಏಟಿಗೆ ಎದೆಯಲ್ಲಿ ಕೆಂಡ ಹೊರಳಿತು. ಹತ್ತನೆಯ ಏಟಿಗೆ ಹುಳಿನೀರು ಗಂಟಲು ದಾಟಿ ಮೂಗಿಗೆ ಏರಿತು. ಕಣ್ಣು ಮಂಜಾಯಿತು, ಉಸಿರು ಸಿಕ್ಕಿಕೊಂಡಿತು. ಆದರೂ ಸುತ್ತಿಗೆ ಎತ್ತಿದ. ಬೆಂಕಿಯ ಬೆಳಕಲ್ಲಿ ಅಣ್ಣನ ಮುಖ ಕಂಡಿತು. ಅಣ್ಣ ನಗುತ್ತಿದ್ದ.

ಟಕ್ ಟಕ್.

ಸುತ್ತಿಗೆ ಕೆಳಗೆ ಬಂತು. ಇಕ್ಕಳ ಸಿಡಿದು ಗೋಡೆಗೆ ಬಡಿಯಿತು. ಕಾದ ಕೊಕ್ಕೆ ಉರುಳಿ ಅಣ್ಣನ ಚರ್ಮದ ಏಪ್ರನ್ನನ್ನು ಸುಡುತ್ತಾ ನೆಲಕ್ಕೆ ಬಿತ್ತು. ಅಣ್ಣ ಕೂಗಲಿಲ್ಲ. ಅಡಿಗಲ್ಲಿನ ಮೇಲಿನ ರಕ್ತ ನೋಡಿ, ಜಜ್ಜಿಹೋದ ತನ್ನ ಎಡಗೈಯನ್ನು ನೋಡಿ, ಮೆಲ್ಲಗೆ ನೆಲದ ಮೇಲೆ ಕೂತ. ತಮ್ಮ ಎರಡು ಹೆಜ್ಜೆ ಹಿಂದೆ ಸರಿದು, ಗೋಡೆ ಹಿಡಿದು, ಬಗ್ಗಿ ಎಲ್ಲವನ್ನೂ ವಾಂತಿ ಮಾಡಿದ. ಓಡಿಬಂದ ಲೇತ್ ಅಂಗಡಿಯವನು ಮೊದಲು ನೋಡಿದ್ದು ಅದನ್ನೇ.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಮೂರನೆಯದು ಮಡಚುವುದು ಅನುಮಾನ ಎಂದರು. ಡಾಕ್ಟರು ಹೇಗಾಯಿತೆಂದು ಕೇಳಿದಾಗ ಅಣ್ಣನೇ ಹೇಳಿದ. "ಇವನಿಗೆ ಹೊಟ್ಟೆ ಸರಿಯಿಲ್ಲ ಸಾರ್. ಬೇಡ ಬೇಡ ಅಂದ್ರೂ ನಾನೇ ತುರುಕಿದೆ. ಏಟಿನ ಮಧ್ಯೆ ಹುಳಿ ಕಿತ್ತುಕೊಂಡು ಬಂತು, ಕಣ್ಣು ಕಟ್ಟಿತು. ತಪ್ಪು ನಂದೇ." ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ತಮ್ಮನನ್ನು ಒಂದು ಮಾತೂ ಅನ್ನಲಿಲ್ಲ. ಲೇತ್ ಅಂಗಡಿಯವನು ತಾನು ಕಂಡ ವಾಂತಿಯನ್ನು ವಾರ್ಡಿಗೆಲ್ಲ ಸಾಕ್ಷಿ ಹೇಳಿಕೊಂಡು ಬಂದ. ಎಲ್ಲರೂ ತಮ್ಮನ ಬೆನ್ನು ಸವರುವವರೇ. ಒಬ್ಬೊಬ್ಬರು ಸವರಿದಾಗಲೂ ಅವನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಅತ್ತಿಗೆ ಸ್ನಾನಕ್ಕೆಂದು ಮನೆಗೆ ಹೋದಳು. ಪಕ್ಕದ ಹಾಸಿಗೆ ಖಾಲಿಯಿತ್ತು. ತಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಹೇಳಿದರೆ ತನಗೆ ಅಣ್ಣ ಇರುವುದಿಲ್ಲ, ಹೇಳದಿದ್ದರೆ ತಾನು ಇರುವುದಿಲ್ಲ ಎಂಬಲ್ಲಿಗೆ ಬಂದು ಮುಟ್ಟಿದ್ದ.

"ಅಣ್ಣ, ಹುಳಿ ಬಂದಿದ್ದು ನಿಜ."

"ಹೂಂ."

"ಆದ್ರೆ ನೀನು ಟಕ್ ಟಕ್ ಅಂದಿದ್ದು ಕೇಳಿಸ್ತು. ಪಕ್ಕಕ್ಕೆ ಬಿಡಬಹುದಿತ್ತು. ಬಿಡಲಿಲ್ಲ."

ಅಣ್ಣ ಸೂರಿನ ಫ್ಯಾನನ್ನೇ ನೋಡುತ್ತಿದ್ದ. ಬ್ಯಾಂಡೇಜು ಸುತ್ತಿದ ಕೈ ದಿಂಬಿನ ಮೇಲಿತ್ತು. "ಗೊತ್ತು," ಎಂದ.

"ಗೊತ್ತಿತ್ತಾ?"

"ನಿನ್ನ ಮುಖ ನನ್ನ ಎದುರಿಗೇ ಇತ್ತಲ್ಲೋ."

"ಮತ್ತೆ ಕೈ ಯಾಕೆ ಹಿಂದಕ್ಕೆ ತಗೊಳ್ಳಲಿಲ್ಲ?"

"ಹೊಡೆಯಲ್ಲ ಅಂದ್ಕೊಂಡೆ," ಎಂದ ಅಣ್ಣ.

ಹೊರಗೆ ಯಾರೋ ಬಕೆಟ್ಟು ಎಳೆದುಕೊಂಡು ಹೋದರು. ಅಣ್ಣ ಕಾಲು ಕೆಳಗಿಳಿಸಿದ. "ಒಂದಕ್ಕೆ ಹೋಗಬೇಕು. ಎಬ್ಬಿಸು," ಎಂದ.

ಅವನು ಎಬ್ಬಿಸಿ ನಿಲ್ಲಿಸಿದ. ಅಣ್ಣ ಎರಡು ಹೆಜ್ಜೆ ಇಡುವಷ್ಟರಲ್ಲಿ ಆಸ್ಪತ್ರೆಯ ಪೈಜಾಮದ ಲಾಡಿ ಬಿಚ್ಚಿಕೊಂಡು, ಪೈಜಾಮ ಪಾದದವರೆಗೂ ಜಾರಿತು. ಅಣ್ಣ ಒಂದು ಕೈಯಿಂದ ಅದನ್ನು ಹಿಡಿಯಲು ಹೋಗಿ, ವಾಲಿ, ತಮ್ಮನ ಕೂದಲಿಗೇ ಕೈ ಹಾಕಿ ನಿಂತ.

ತಮ್ಮ ಬಗ್ಗಿದ. ಹೆಂಡತಿ ಕೊಟ್ಟುಕಳಿಸಿದ್ದ ಬ್ರೆಡ್ಡು ತಿಂದು ಅರ್ಧ ಗಂಟೆಯೂ ಆಗಿರಲಿಲ್ಲ. ಹುಳಿನೀರು ಗಂಟಲಿಗೆ ಬಂತು. ನುಂಗಿದ. ಪೈಜಾಮವನ್ನು ಸೊಂಟದವರೆಗೆ ಎಳೆದು, ಮಂಡಿಯೂರಿ, ಲಾಡಿಯ ಎರಡು ತುದಿಗಳನ್ನು ಹುಡುಕಿ ಗಂಟು ಹಾಕಿದ.

"ಸಾಕಾ?"

"ಇನ್ನೂ ಬಿಗಿ," ಎಂದ ಅಣ್ಣ. ಕೂದಲು ಬಿಟ್ಟಿರಲಿಲ್ಲ. ತಮ್ಮ ಗಂಟು ಬಿಚ್ಚಿ, ಮತ್ತೆ ಮೊದಲಿನಿಂದ ಕಟ್ಟತೊಡಗಿದ.